ನಿವೃತ್ತಿ ಆದ ಮೇಲೆ ಫೋನ್ ಬರೋದು ನಿಂತಿದೆ. ಇದಕ್ಕೆ ಇಷ್ಟು ಬೇಜಾರು ಯಾಕೆ?

ತೀರ್ಥಹಳ್ಳಿ_ಲೈನ್‌ಮ್ಯಾನ್:

ಹೋದ ವರ್ಷ ಅರವತ್ತು ತುಂಬಿ ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತಿ ಆಯ್ತು. ಪಿಂಚಣಿ ಬರ್ತದೆ, ಶುಗರ್ ಇಲ್ಲ, ಮಗ ಬೆಂಗಳೂರಲ್ಲಿ ಚೆನ್ನಾಗಿದ್ದಾನೆ. ದುಡ್ಡಿನ ವಿಷಯ ಅಲ್ಲ ಅಂತ ಮೊದಲೇ ಹೇಳಿಬಿಡ್ತೇನೆ.

ನಮ್ಮ ಕಡೆ ಮಳೆ ಹಿಡೀತು ಅಂದ್ರೆ ಕೊಂಬೆ ಬಿದ್ದು 11 ಕೆವಿ ಲೈನ್ ಟ್ರಿಪ್ ಆಗೋದು ಮಾಮೂಲು. ರಾತ್ರಿ ಎರಡಕ್ಕೂ ಫೋನ್. ‘ಕರೆಂಟ್ ಯಾವಾಗ ಕೊಡ್ತೀರಿ ಮಾರಾಯ್ರೇ?’ ಕೆಲವರು ಬೈಯೋರು, ನಾನೂ ಬಿಡ್ತಿರಲಿಲ್ಲ. ಎಲ್‌ಸಿ (ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಬಹುದು ಅಂತ ಕೊಡೋ ಅನುಮತಿ) ತಗೊಂಡು, ಟಾರ್ಚ್ ಹಿಡ್ಕೊಂಡು, ಕಾಲಿಗೆ ಇಂಬಳ ಹತ್ತಿಸ್ಕೊಂಡು ಯಾರದೋ ತೋಟದೊಳಗೆ ಫಾಲ್ಟ್ ಹುಡುಕಬೇಕು. ಸಪ್ಲೈ ಕೊಟ್ಟ ಮೇಲೆ ಒಬ್ಬರೂ ಫೋನ್ ಮಾಡಿ ಥ್ಯಾಂಕ್ಸ್ ಅನ್ನಲ್ಲ. ಕರೆಂಟ್ ಬಂದ ಕೂಡ್ಲೆ ಲೈನ್‌ಮ್ಯಾನ್ ಯಾರಿಗೆ ಬೇಕು?

ಈ ಮಳೆಗಾಲ ಕರೆಂಟ್ ಹೋದಾಗ ಫೋನ್ ಪಕ್ಕದಲ್ಲಿಟ್ಕೊಂಡು ಕೂತೆ. ಒಂದೂ ಬರಲಿಲ್ಲ. ಕರೆಂಟ್ ದೂರಿನ ನಂಬರ್ 1912ಕ್ಕೆ ಮಾಡ್ತಾರೆ, ಇಲ್ಲಾ ಹೊಸ ಹುಡುಗನಿಗೆ ಮಾಡ್ತಾರೆ. ಮಾಡಬೇಕಾದ್ದೂ ಹಾಗೇ. ಆದರೂ ಆವತ್ತು ಊಟ ಸೇರಲಿಲ್ಲ. ಬೀಳ್ಕೊಡುಗೆ ದಿನ ಶಾಲು, ಹಾರ, ಫಲತಾಂಬೂಲ ಎಲ್ಲ ಆಯ್ತು, ಭಾಷಣದಲ್ಲಿ ಸಿಕ್ಕಾಪಟ್ಟೆ ಹೊಗಳಿದರು. ಅದು ಮನಸ್ಸಿಗೆ ತಾಗಲೇ ಇಲ್ಲ. ಈಗ ನೋಡಿದ್ರೆ ಆ ಬೈಗುಳದ ಫೋನೇ ಬೇಕು ಅನ್ನಿಸ್ತಿದೆ. ಓದಿಕೊಂಡವರು ಯಾರಾದ್ರೂ ಹೇಳಿ, ಇದು ಅಹಂಕಾರವೋ, ಕಾಯಿಲೆಯೋ?

ಫಿಲ್ಟರ್_ಕಾಫಿ:

ಸರ್, ಬೆಳಿಗ್ಗೆ ವಾಕಿಂಗ್, ಸಂಜೆ ಭಜನೆ. ಫೋನ್ ಸ್ವಿಚ್ ಆಫ್ ಮಾಡಿಡಿ. ನಮ್ಮಪ್ಪ ರಿಟೈರ್ ಆದಾಗಲೂ ಇದನ್ನೇ ಹೇಳಿದೆ.

ತೀರ್ಥಹಳ್ಳಿ_ಲೈನ್‌ಮ್ಯಾನ್:

ನಿಮ್ಮಪ್ಪ ಏನಂದ್ರು?

ಫಿಲ್ಟರ್_ಕಾಫಿ:

ಏನೂ ಅನ್ನಲಿಲ್ಲ. ವಾಕಿಂಗಿಗೂ ಹೋಗ್ತಿಲ್ಲ.

ಮನಸು_ಮೇಷ್ಟ್ರು:

ನಾನು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡ್ತೇನೆ. ಕಾಯಿಲೆಯ ಮಾತು ಬಿಡಿ. ಊಟ, ನಿದ್ದೆ ತಿಂಗಳುಗಟ್ಟಲೆ ಕೆಟ್ಟರೆ ಮಾತ್ರ ಡಾಕ್ಟರಿಗೆ ತೋರಿಸಿ. ಅಹಂಕಾರ ಅಂತೂ ಅಲ್ಲ. ಅಹಂಕಾರ ಇದ್ದವರಿಗೆ ಶಾಲು, ಹಾರ ಸಾಕಾಗ್ತಿತ್ತು.

1981ರಲ್ಲಿ ಮಾರಿಸ್ ರೋಸೆನ್‌ಬರ್ಗ್, ಕ್ಲೇರ್ ಮೆಕಲಾ ಅನ್ನೋ ಇಬ್ಬರು ಸಂಶೋಧಕರು ಅಮೆರಿಕದ ಹದಿಹರೆಯದ ಮಕ್ಕಳ ಬಗ್ಗೆ ಬರೆದರು. ‘ಅಪ್ಪ ಅಮ್ಮನಿಗೆ ನಾನು ಲೆಕ್ಕಕ್ಕಿದ್ದೇನೆ’ ಅನ್ನೋ ಭಾವನೆ ಎಲ್ಲಿಂದ ಬರುತ್ತೆ ಅನ್ನೋದು ಅವರ ಪ್ರಶ್ನೆ. ಅವರು ಕಂಡದ್ದು ಮೂರು: ನನ್ನ ಕಡೆ ಗಮನ ಇದೆ, ನನ್ನ ಕಷ್ಟಸುಖ ಇನ್ನೊಬ್ಬರಿಗೆ ತಟ್ಟುತ್ತೆ, ನನ್ನನ್ನು ನೆಚ್ಚಿಕೊಂಡವರು ಇದ್ದಾರೆ. ಹೊಗಳಿಕೆ ಈ ಪಟ್ಟಿಯಲ್ಲೇ ಇಲ್ಲ, ಗಮನಿಸಿ. ನಿವೃತ್ತರ ಸಂಕಟದ ಮಾತನ್ನೂ ಅವರು ಆಗಲೇ ಎತ್ತಿದ್ದರು. ರಾತ್ರಿ ಎರಡಕ್ಕೆ ಬೈಯೋನಿಗೂ ನೀವೇ ಗತಿಯಾಗಿದ್ದಿರಿ. ಶಾಲು ಹೊದಿಸಿದವರಿಗೆ ಮಾರನೇ ದಿನ ನಿಮ್ಮಿಂದ ಆಗಬೇಕಾದ್ದೇನೂ ಇರಲಿಲ್ಲ.

ಇನ್ನೊಂದು, ನಿಮ್ಮ ಇಲಾಖೆಗೆ ಹೊಂದೋದು. ಮಾರ್ಕ್ ಲಿಯರಿ ಮತ್ತು ಸಂಗಡಿಗರು 1995ರಲ್ಲಿ ‘ಸೋಶಿಯೋಮೀಟರ್’ ಅನ್ನೋ ವಾದ ಮುಂದಿಟ್ಟರು. ನಮ್ಮ ಆತ್ಮಗೌರವ ಒಂದು ಮೀಟರು, ಗುಂಪಿಗೆ ನಾವು ಎಷ್ಟು ಬೇಕಾಗಿದ್ದೇವೆ ಅನ್ನೋದನ್ನ ಅದು ತೋರಿಸ್ತಾ ಇರುತ್ತೆ. ರೀಡಿಂಗ್ ಇಳಿದರೆ ಮೀಟರ್ ಕೆಟ್ಟಿದೆ ಅಂತಲ್ಲ. ಗುಂಪು ಬಿಟ್ಟು ಮನುಷ್ಯ ಬದುಕೋದೇ ಕಷ್ಟವಾಗಿದ್ದ ಕಾಲದಲ್ಲಿ ಆ ಇಳಿತ ನೋವಾಗಿಯೇ ಕಾಣಬೇಕಿತ್ತು ಅಂತ ಅವರ ತರ್ಕ.

ಒಲೆ_ಮುಂದಿನವಳು:

ಮೇಷ್ಟ್ರೇ, ನಿಮ್ಮ ಮೂರನೇದರ ಬಗ್ಗೆ ನಂದೊಂದು ತಕರಾರು. ನಮ್ಮ ಮನೇಲಿ ಎಲ್ಲರೂ ನನ್ನನ್ನೇ ನೆಚ್ಕೊಂಡಿದ್ದಾರೆ. ಅತ್ತೆಯ ಬಿಪಿ ಮಾತ್ರೆ, ಇವರ ಡಬ್ಬಿ, ಮಗಳ ರೆಕಾರ್ಡ್ ಬುಕ್, ಹಾಲಿನ ಲೆಕ್ಕ. ನಾನು ತವರಿಗೆ ಹೋದ್ರೆ ‘ಸಾಸಿವೆ ಡಬ್ಬ ಎಲ್ಲಿ?’ ಅಂತ ಫೋನ್ ಬರುತ್ತೆ. ಲೈನ್‌ಮ್ಯಾನ್ ಅಣ್ಣನಿಗೆ ಬೇಕಾದ ಫೋನ್ ಅದೇ ತಾನೆ? ನನಗೆ ಅದರಿಂದ ಯಾವ ಗೌರವವೂ ಹತ್ತಲ್ಲ. ಸಾಸಿವೆ ಸಿಕ್ಕಿದ ಕೂಡ್ಲೆ ಕಟ್. ಊಟ ಆಯ್ತಾ ಅಂತ ಕೇಳಲ್ಲ. ಅಣ್ಣನಿಗೆ ಅರವತ್ತಕ್ಕಾದ್ರೂ ಹಾರ ಬಿತ್ತು!

ಮನಸು_ಮೇಷ್ಟ್ರು:

ಒಪ್ಪಿದೆ. ಮೂರನೇದೊಂದೇ ಇದ್ದು ಮೊದಲಿನೆರಡು ಇಲ್ಲದಿದ್ದರೆ ಅದು ಬರೀ ದುಡಿತ.

ನಿಮ್ಮ ಮಾತಿಗೆ ಹತ್ತಿರದ ಪ್ರಯೋಗ ಒಂದಿದೆ. ಡ್ಯಾನ್ ಏರಿಯಲಿ ಮತ್ತಿಬ್ಬರು 2008ರಲ್ಲಿ ಪ್ರಕಟಿಸಿದ್ದು. ಅಕ್ಷರ ತುಂಬಿದ ಹಾಳೆಯಲ್ಲಿ ಜೋಡಿ ಅಕ್ಷರ ಹುಡುಕೋ ಕೆಲಸ, ಹಾಳೆಯಿಂದ ಹಾಳೆಗೆ ಕೂಲಿ ಕಡಿಮೆ ಆಗ್ತಾ ಹೋಗುತ್ತೆ, ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ಒಂದು ಗುಂಪಿನವರು ಹಾಳೆ ಮೇಲೆ ಹೆಸರು ಬರೆದು ಕೊಟ್ಟರೆ ಅದನ್ನ ಒಮ್ಮೆ ನೋಡಿ ಫೈಲಿಗೆ ಹಾಕೋರು. ಇನ್ನೊಂದರದ್ದು ನೋಡದೇ ಪಕ್ಕಕ್ಕೆ ಪೇರಿಸೋರು. ಮೂರನೇ ಗುಂಪಿನ ಹಾಳೆ ಅವರ ಕಣ್ಣೆದುರೇ ಚೂರು ಮಾಡೋ ಮೆಷೀನಿಗೆ. ನೋಡಿಸಿಕೊಂಡವರು ಸರಾಸರಿ 9 ಹಾಳೆ ಮಾಡಿದರು. ಚೂರಾದವರು ಆರು ಚಿಲ್ಲರೆ. ಬರೀ ಅಲಕ್ಷ್ಯಕ್ಕೆ ಒಳಗಾದವರು ಏಳನ್ನೂ ಮುಟ್ಟಲಿಲ್ಲ. ನೋಡದೇ ಇರೋದಕ್ಕೂ ಹರಿದು ಹಾಕೋದಕ್ಕೂ ಹೆಚ್ಚು ಅಂತರ ಇರಲಿಲ್ಲ. ನೋಡಿದ್ದೂ ಎಷ್ಟು? ಹೊಗಳಲಿಲ್ಲ, ಒಮ್ಮೆ ಕಣ್ಣಾಡಿಸಿ ‘ಹ್ಞೂಂ’ ಅಂದರು ಅಷ್ಟೆ.

ತೀರ್ಥಹಳ್ಳಿ_ಲೈನ್‌ಮ್ಯಾನ್:

ಆ ‘ಹ್ಞೂಂ’ ಓದಿದ ಮೇಲೆ ನನಗೆ ಒಂದು ಹೊಳೀತು. ಫಾಲ್ಟ್ ತೆಗೆದು, ಎಲ್‌ಸಿ ವಾಪಸ್ ಕೊಟ್ಟ ಮೇಲೆ ಸಬ್‌ಸ್ಟೇಷನ್‌ನವರು ಲೈನ್ ಚಾರ್ಜ್ ಮಾಡ್ತಾರೆ, ಅಂದ್ರೆ ಮತ್ತೆ ಕರೆಂಟ್ ಬಿಡ್ತಾರೆ. ಮಳೇಲಿ ನಿಂತು ಕಾಯ್ತಿರ್ತೇವೆ. ಆಪರೇಟರ್ ಫೋನ್‌ನಲ್ಲಿ ‘ಸ್ಟುಡ್ ಓಕೆ’ ಅಂತಾನೆ. ಅಂದ್ರೆ ಲೈನ್ ನಿಂತಿತು, ಮತ್ತೆ ಟ್ರಿಪ್ ಆಗ್ಲಿಲ್ಲ. ಅಷ್ಟೇ ಮಾತು, ಫೋನ್ ಇಡೋದು. ಥ್ಯಾಂಕ್ಸ್ ಸಿಗಲಿಲ್ಲ ಅಂತ ಬರೆದೆನಲ್ಲ, ಸರ್ವಿಸಿಡೀ ಅದು ಸಿಗ್ತಾ ಇತ್ತು.

ಊರಿನ ದೇವಸ್ಥಾನ ಸಮಿತಿಯವರು ಗೌರವಾಧ್ಯಕ್ಷ ಆಗಿ ಅಂತ ಹಿಂದೆ ಬಿದ್ದಿದ್ದಾರೆ. ಅಂದ್ರೆ ವೇದಿಕೆ ಮೇಲೆ ಕುರ್ಚಿ, ಇನ್ನೊಂದು ಶಾಲು. ಅದು ಬೇಡ, ಜಾತ್ರೆಯ ಜನರೇಟರ್, ಸೀರಿಯಲ್ ಸೆಟ್ಟಿನ ವೈರಿಂಗ್ ನನಗೆ ವಹಿಸಿ ಅಂತ ಕೇಳ್ತೇನೆ. ಹೋದ ಸಲ ಅರ್ತಿಂಗ್ ಸರಿ ಇರಲಿಲ್ಲ, ಅದನ್ನ ನೋಡಿ ಸುಮ್ಮನೆ ಬರೋಕೆ ನನಗೆ ಕಷ್ಟ ಆಗಿತ್ತು.

ಒಲೆ ಮುಂದಿನ ತಂಗಿಯ ಮಾತನ್ನ ನಮ್ಮ ಮನೆಯವಳಿಗೆ ಓದಿ ಹೇಳಿದೆ. ದೋಸೆ ಹುಯ್ಯೋದು ನಿಲ್ಲಿಸಿ, ‘ಇನ್ನೊಂದ್ಸಲ ಓದಿ’ ಅಂದಳು. ಓದಿದೆ. ಇದರಲ್ಲಿ ಅವಳಿಗೂ ಒಂದು ಅಕೌಂಟ್ ಮಾಡಿಕೊಡಬೇಕಂತೆ. ಹೇಗೆ ಅಂತ ಯಾರಾದ್ರೂ ಹೇಳಿ.