‘ಎದುರಾಳಿ’ಯೋ ‘ಒಡನಾಡಿ’ಯೋ? ಮೇಜಿನ ಮೇಲಿನ ಯುದ್ಧಕ್ಕೆ ಬೇಕಾದ ಕೆಲವು ಪದಗಳು

ನೆಪೋಲಿಯನ್ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಆಡುವ ನಾವು ನಾಲ್ವರು ಗೆಳೆಯರು, ಇಷ್ಟು ವರ್ಷ ಅರೆಬರೆ ಇಂಗ್ಲಿಷಿನಲ್ಲಿ ಹೇಳಿಕೊಂಡು ಬಂದ ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆದಿಡಲು ಹೊರಟಿದ್ದೇವೆ. 28 ಮಿಲಿಮೀಟರ್ ಎತ್ತರದ ಸೈನಿಕರಿಗೆ ಒಬ್ಬೊಬ್ಬರಿಗಾಗಿ ಬಣ್ಣ ಬಳಿದು, ದಳಗಳಾಗಿ ಹೊಂದಿಸಿ, ಅಳತೆಪಟ್ಟಿಯಿಂದ ನಡೆಯನ್ನೂ ದಾಳದಿಂದ ಹೊಡೆತದ ಫಲವನ್ನೂ ತೀರ್ಮಾನಿಸುವ ಆಟ ಇದು. ಪದಗಳ ಪೈಕಿ ಹಲವು ಸುಲಭವಾಗಿ ಸಿಕ್ಕವು, ಕೆಲವಕ್ಕೆ ಜಗಳವಾಯಿತು, ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ.

ಆಟದ ಹೆಸರಿಗೆ ‘ಚತುರಂಗ’ಕ್ಕಿಂತ ಒಳ್ಳೆಯ ಪದವಿರಲಿಲ್ಲ. ಸೇನೆಯ ನಾಲ್ಕು ಅಂಗಗಳು ಎಂಬುದೇ ಅದರ ಅರ್ಥ. ಆದರೆ ಆ ಹೆಸರು ಬೇರೊಂದು ಆಟಕ್ಕೆ ಎಂದೋ ಮೀಸಲಾಗಿದೆ. ‘ಯುದ್ಧಕ್ರೀಡೆ’ ಎಂದರೆ ಕ್ರೀಡಾಕೂಟದ ವಾಸನೆ ಬರುತ್ತದೆ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಸೇನಾಧಿಕಾರಿಗಳ ತರಬೇತಿಗೆಂದು ಒಪ್ಪಿಸಿದ ನಕ್ಷೆಯಾಟವನ್ನು ಜರ್ಮನರು ಯಾವ ಅಳುಕೂ ಇಲ್ಲದೆ ‘ಕ್ರೀಗ್ಸ್‌ಷ್ಪೀಲ್’, ಅಂದರೆ ಯುದ್ಧದಾಟ, ಎಂದು ಕರೆದರು. ನಾವೂ ‘ಕಾಳಗದಾಟ’ ಎಂದಿಟ್ಟುಕೊಂಡಿದ್ದೇವೆ. ಮೇಜಿನ ಮೇಲಿನ ಗೊಂಬೆಯನ್ನು ಏನೆನ್ನಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆಯಾಯಿತು. ಪಗಡೆಯಿಂದ ‘ಕಾಯಿ’ಯನ್ನು ತರಬಹುದು, ಆದರೆ ಕಾಲರಿನ ಅಂಚಿಗೆ ಉಸಿರು ಬಿಗಿಹಿಡಿದು ಕೆಂಪು ಗೆರೆ ಎಳೆದವರು ಅದನ್ನು ಕಾಯಿ ಎನ್ನಲು ಒಪ್ಪುವುದಿಲ್ಲ. ‘ಕಿರುಸೈನಿಕ’ ಎಂದು ಬರೆಯುತ್ತಿದ್ದೇವೆ. ಅರಿಸಮಾಸವೆಂದು ಹುಬ್ಬು ಗಂಟಿಕ್ಕುವವರು, ‘ಕಿರಿಯಾಳು’ ಎಂದರೆ ಮನೆಗೆಲಸದ ಹುಡುಗನ ನೆನಪಾಗುತ್ತದೆ ಎಂಬುದನ್ನು ಗಮನಿಸಿ ಕ್ಷಮಿಸಬೇಕು.

ಸೈನಿಕರ ಬಗೆಗಳನ್ನು ಹೇಳುವ ಪದಗಳಲ್ಲಿ ಯಾವುದನ್ನು ಕನ್ನಡಿಸಬೇಕು, ಯಾವುದನ್ನು ಹಾಗೇ ಉಳಿಸಬೇಕು ಎಂಬುದಕ್ಕೆ ಒಂದೇ ಸೂತ್ರ ಸಾಲದು. 1808ರ ಮರುವ್ಯವಸ್ಥೆಯ ನಂತರ ಫ್ರೆಂಚ್ ಕಾಲ್ದಳದ ಒಂದು ಬೆಟಾಲಿಯನ್ನಿನಲ್ಲಿ ಆರು ಕಂಪನಿಗಳು: ನಾಲ್ಕು ಫ್ಯುಸಿಲಿಯರ್ (ಸಾಮಾನ್ಯ ಬಂದೂಕಿನಾಳುಗಳು), ಒಂದು ಗ್ರೆನೆಡಿಯರ್, ಒಂದು ವೋಲ್ಟಿಜರ್. ಕಾಗದದ ಮೇಲೆ ಒಟ್ಟು 840 ಮಂದಿ. ನಾವು ಮೂವತ್ತೈದು ಮಂದಿಗೆ ಒಬ್ಬ ಕಿರುಸೈನಿಕನೆಂದು ಎಣಿಸಿ 24 ಮಂದಿಯನ್ನು ನಿಲ್ಲಿಸುತ್ತೇವೆ, ಕಂಪನಿಗೆ ನಾಲ್ವರು. ವೋಲ್ಟಿಜರ್ ಎಂಬುದು ಹಾರಾಡು, ಜಿಗಿದಾಡು ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ಗಿಡ್ಡಗಿದ್ದು ಚುರುಕಾಗಿರುವವರನ್ನು ಆರಿಸಿ, ದಳದ ಮುಂದೆ ಚದುರಿ ನಿಂತು ಗುಂಡು ಹಾರಿಸಲು ಕಟ್ಟಿದ ಕಂಪನಿ ಅದು. ಅದಕ್ಕೆ ‘ಜಿಗಿಯಾಳು’ ಎಂಬ ಪದ ಹೇಳಿ ಮಾಡಿಸಿದಂತಿದೆ. ಗ್ರೆನೆಡಿಯರನನ್ನು ಮಾತ್ರ ಹೀಗೆ ಬಿಡಿಸಲು ಬಾರದು. ಕೈಬಾಂಬು ಎಸೆಯುವವನು ಎಂಬುದು ಹೆಸರಿನ ಅರ್ಥವಾದರೂ ಆ ಹೊತ್ತಿಗೆ ಅವನು ಅದನ್ನು ಬಿಟ್ಟು ಬಹಳ ಕಾಲವಾಗಿತ್ತು, ಎತ್ತರದ ಅನುಭವಿ ಸೈನಿಕ ಎಂಬ ಅರ್ಥವಷ್ಟೇ ಉಳಿದಿತ್ತು. ಎದೆಗವಚ ತೊಟ್ಟ ಕ್ಯುರಾಸಿಯರನಿಗೆ ‘ಕವಚರಾವುತ’ ಎಂದಿದ್ದೇವೆ.

ವ್ಯೂಹಗಳ ವಿಷಯದಲ್ಲಿ ನಿಘಂಟು ನಮ್ಮನ್ನು ಸ್ವಲ್ಪ ನಗಿಸಿತು. ಕಾಲಂ ಎಂಬುದಕ್ಕೆ ‘ಅಂಕಣ’ ಎಂಬ ಅರ್ಥ ನೋಡಿಕೊಂಡು ಬಂದ ಗೆಳೆಯರೊಬ್ಬರು ‘ಫ್ರೆಂಚರು ಅಂಕಣದಲ್ಲಿ ಮುನ್ನುಗ್ಗಿದರು’ ಎಂದು ಬರೆದಿದ್ದರು. ಓದಿದವರು ಪತ್ರಿಕೆಯಲ್ಲಿ ನುಗ್ಗಿದರೆಂದೇ ತಿಳಿದಾರು. ಎರಡು ಕಂಪನಿಗಳ ಅಗಲ, ಮೂರು ಕಂಪನಿಗಳ ಆಳ ಇರುವ ಆ ಒತ್ತಾದ ನಿಲುವಿಗೆ ‘ಒತ್ತುಸಾಲು’ ಎಂದೂ, ಎಲ್ಲ ಕಂಪನಿಗಳೂ ಪಕ್ಕಪಕ್ಕದಲ್ಲಿ ನಿಂತು ಒಟ್ಟಿಗೆ ಗುಂಡು ಹಾರಿಸುವ ನಿಲುವಿಗೆ ‘ಹರವುಸಾಲು’ ಎಂದೂ ಇಟ್ಟಿದ್ದೇವೆ. 1815ರ ಜೂನ್ 18ರಂದು ವಾಟರ್ಲೂನಲ್ಲಿ ಫ್ರೆಂಚ್ ಸೇನಾನಿ ಮಾರ್ಷಲ್ ನೇಯ ಕುದುರೆ ದಳಗಳು ಮತ್ತೆ ಮತ್ತೆ ಸುತ್ತುವರಿದರೂ ಒಡೆಯಲಾಗದ, ನಾಲ್ಕೂ ದಿಕ್ಕಿಗೆ ಬಯೊನೆಟ್ ಚಾಚಿ ನಿಲ್ಲುವ ವ್ಯೂಹಕ್ಕೆ ‘ಚೌಕವ್ಯೂಹ’ ಎನ್ನುವುದಕ್ಕೆ ಯಾರ ತಕರಾರೂ ಬರಲಿಲ್ಲ.

ನಮಗೆ ಹೆಚ್ಚು ಹಿಡಿಸಿದ ಪದ ‘ಕೆಚ್ಚು’. ಗುಂಡಿನ ಹೊಡೆತ ತಿಂದ ದಳ ನಿಂತೀತೋ ಓಡೀತೋ ಎಂಬುದನ್ನು ಎರಡು ದಾಳ ಉರುಳಿಸಿ ನೋಡುವ ಪರೀಕ್ಷೆಗೆ ‘ಮನೋಬಲ’, ‘ನೈತಿಕ ಸ್ಥೈರ್ಯ’ ಎಲ್ಲವನ್ನೂ ಬರೆದು ಹೊಡೆದುಹಾಕಿದೆವು. ಕೆಚ್ಚು ಮರದೊಳಗಿನ ಗಟ್ಟಿ ತಿರುಳೂ ಹೌದು, ಎದೆಯ ಗಟ್ಟಿತನವೂ ಹೌದು. ‘ದಳದ ಕೆಚ್ಚು ಉಡುಗಿತು’ ಎಂದರೆ ಬೇರೆ ವಿವರಣೆ ಬೇಡ. ಇನ್ನೊಂದು ಪದ ತಾನಾಗಿ ಒದಗಿತು. ನೆಪೋಲಿಯನ್ನನ ಹಳೆಯ ಕಾವಲುಪಡೆಯವರಿಗೆ, ಚಕ್ರವರ್ತಿಯ ಎದುರಿನಲ್ಲೂ ಗೊಣಗುತ್ತಿದ್ದರೆಂದು, ‘ಗ್ರೊನ್ಯಾರ್’ ಎಂಬ ಅಡ್ಡಹೆಸರಿತ್ತು. ಈಗ ಅದು ಈ ಆಟದ ಹಳೆಯ ಹುಲಿಗಳಿಗೂ ಸಲ್ಲುತ್ತದೆ. ನಮ್ಮ ‘ಗೊಣಗ’ ಅರ್ಥದಲ್ಲಷ್ಟೇ ಅಲ್ಲ, ಸದ್ದಿನಲ್ಲೂ ಅದರ ಪಕ್ಕದಲ್ಲೇ ಕೂರುತ್ತಾನೆ. ನಂಟೇನೂ ಇಲ್ಲ, ಎರಡೂ ಗೊಣಗಾಟದ ಸದ್ದನ್ನೇ ಅನುಕರಿಸಿ ಹುಟ್ಟಿದವು.

ಇನ್ನು ಬಗೆಹರಿಯದ ಪದ. ಮೇಜಿನ ಆಚೆ ಬದಿಯಲ್ಲಿ ನಿಂತವರನ್ನು ಏನೆಂದು ಕರೆಯಬೇಕು? ‘ಎದುರಾಳಿ’ ಎಂಬುದು ಎಲ್ಲರ ಬಾಯಲ್ಲಿರುವ ಪದ, ತಪ್ಪೂ ಅಲ್ಲ. ಅದನ್ನು ಬರೆಯುವಾಗ ನನ್ನ ಕೈ ತಡೆಯುವುದಕ್ಕೆ ಕಾರಣವಿದೆ. ನನ್ನದು ಫ್ರೆಂಚ್ ಸೇನೆ, ಗೆಳೆಯರದು ಆಸ್ಟ್ರಿಯಾದ್ದು. ಆಸ್ಟ್ರಿಯಾದ ಕೋಟು ಬಿಳಿ. ಬಿಳಿಯಷ್ಟು ಸತಾಯಿಸುವ ಬಣ್ಣ ಇನ್ನೊಂದಿಲ್ಲ. ದಪ್ಪಗೆ ಬಳಿದರೆ ಕೋಟಿನ ಮಡಿಕೆಗಳೆಲ್ಲ ಮುಚ್ಚಿಹೋಗುತ್ತವೆ. ಮೊದಲು ತೆಳು ಬೂದು ಹಚ್ಚಿ, ಉಬ್ಬಿದ ಕಡೆ ಮಾತ್ರ ಬಿಳಿಯನ್ನು ಎರಡು ಮೂರು ಬಾರಿ ನೀರಾಗಿ ಎಳೆಯಬೇಕು. ಅವರು ಸೋತು ಕೈಚೆಲ್ಲಿದಾಗ ಅವರ 24 ಮಂದಿಗೆ ನಾನು ಬಣ್ಣ ಬಳಿದುಕೊಟ್ಟೆ, ನನ್ನ ಕುದುರೆಗಳನ್ನು ಅವರು ಮುಗಿಸಿದರು. ಮುಂದಿನ ಆಟದಲ್ಲಿ ನನ್ನ ತೋಪು ಮೊದಲು ಉರುಳಿಸಿದ್ದು ನಾನೇ ಗುಂಡಿ ಗುಂಡಿಗೆ ಚುಕ್ಕೆ ಇಟ್ಟ ಆ ದಳವನ್ನು. ಅವರು ಬಗ್ಗಿ ಸತ್ತವರನ್ನು ಎತ್ತುವಾಗ, ಬಣ್ಣ ಕಿತ್ತಿದೆಯೇ ಎಂದು ನೋಡಲು ನಾನೂ ಬಗ್ಗಿದೆ.

ಆದ್ದರಿಂದ ‘ಒಡನಾಡಿ’ ಎಂದರೆ ಹೇಗೆ ಎಂಬುದು ನನ್ನ ಪ್ರಶ್ನೆ. ಒಡನೆ ಆಡುವವರು ಎಂಬ ಮೂಲಾರ್ಥ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದರೆ ‘ಒಡನಾಡಿಯ ತೋಪಿಗೆ ಸಿಕ್ಕ ದಳವು ಕೆಚ್ಚಿನ ಪರೀಕ್ಷೆಗೆ ಒಳಗಾಗತಕ್ಕದ್ದು’ ಎಂಬ ನಿಯಮವನ್ನು ಓದಿದ ಹೊಸಬರು, ಸ್ವಂತ ಪಕ್ಷದವರೇ ಗುಂಡು ಹಾರಿಸಿದರೆಂದು ಭಾವಿಸುವುದಿಲ್ಲವೇ? 1813ರ ಲೈಪ್‌ಜಿಗ್ ಕಾಳಗವನ್ನು ಆಡುವಾಗ ಆಸ್ಟ್ರಿಯಾ, ರಷ್ಯಾ, ಪ್ರಷ್ಯಾಗಳು ಒಂದೇ ಕಡೆ ನಿಲ್ಲುವುದರಿಂದ ಈ ಗೊಂದಲ ಇನ್ನೂ ಹೆಚ್ಚುತ್ತದೆ. ಎರಡನ್ನೂ ಬೆಸೆದು ‘ಎದುರಾಡಿ’ ಎಂಬ ಹೊಸ ರೂಪವನ್ನು ಆ ಆಸ್ಟ್ರಿಯಾದ ಗೆಳೆಯರೇ ಸೂಚಿಸಿದ್ದಾರೆ. ಎದುರಾಡು ಎಂದರೆ ತಿರುಗಿ ಮಾತಾಡು ಎಂದಾಗುತ್ತದೆಯಲ್ಲ ಎಂದು ನಾನು ತೋರಿಸಿದಾಗ, ಸರದಿಗೊಮ್ಮೆ ನಿಯಮದ ಮೇಲೆ ವಾದಕ್ಕಿಳಿಯುವ ತಮಗೆ ಆ ಅರ್ಥವೂ ಒಪ್ಪುತ್ತದೆ ಎಂದರು. ‘ಒಡನಾಡಿ’, ‘ನಾಡಾಡಿ’ಗಳ ಸಾಲಿನಲ್ಲಿ ಈ ‘ಎದುರಾಡಿ’ ನಾಮಪದವಾಗಿ ನಿಂತೀತೇ, ಅಥವಾ ಓದುವವರ ಕಿವಿಗೆ ಕ್ರಿಯಾಪದವಾಗಿಯೇ ಕೇಳಿಸೀತೇ ಎಂಬುದನ್ನು ತಿಳಿದವರು ಹೇಳಬೇಕು.