ಸ್ಟ್ರೋಕ್ ಮಾಡಿದ ಇಲಿಗಳು ತಿನ್ನುತ್ತಿಲ್ಲ, ಯಾಕೆ? ಅನುಭವ ಇದ್ದವರು ಹೇಳಿ

ಕೇಳಿದವರು: ಕತ್ತಿನ ರಕ್ತನಾಳದಿಂದ ಮಿದುಳಿನತ್ತ ಫಿಲಮೆಂಟ್ (ತೆಳ್ಳನೆಯ ಎಳೆ) ತೂರಿಸಿ, ರಕ್ತ ತಡೆದು ಇಲಿಗಳಲ್ಲಿ ಸ್ಟ್ರೋಕ್ ಮಾಡುತ್ತಿದ್ದೇನೆ. ಮೂರೇ ದಿನಕ್ಕೆ ತೂಕ ಜಾಸ್ತಿ ಇಳಿಯುತ್ತಿದೆ, ನಡಿಗೆ ಪರೀಕ್ಷೆಯಲ್ಲೂ ಹಿಂದೆ ಬೀಳುತ್ತಿವೆ. ಇದು ಮಿದುಳಿನ ಹಾನಿಯಾ, ಆಪರೇಷನ್ನಿನದಾ?

ಇರುಳು ಪಾಳಿ: ಎಂಟು ತಿಂಗಳು ಇದೇ ಗೋಳು ನನ್ನದು. 310 ಗ್ರಾಂ ಇದ್ದ ಇಲಿ ಐದನೇ ದಿನಕ್ಕೆ 248. ಪರೀಕ್ಷಿಸುತ್ತಿದ್ದ ಔಷಧಿ ಕೆಲಸ ಮಾಡಲಿಲ್ಲ ಅಂತ ಬರೆದೂ ಆಗಿತ್ತು. ಒಂದು ರಾತ್ರಿ ಕೇಜಿನ ಮುಂದೆ ಕೂತು ನೋಡಿದೆ. ಪೆಲೆಟ್ಟನ್ನು, ಅಂದರೆ ಗಟ್ಟಿ ಆಹಾರದ ಉಂಡೆಯನ್ನು, ಎರಡೂ ಕೈಯಲ್ಲಿ ಹಿಡಿಯುತ್ತದೆ, ಬಾಯಿಗಿಡುತ್ತದೆ, ಕಚ್ಚಲಾಗದೆ ಬಿಡುತ್ತದೆ. ಮತ್ತೆ ಹಿಡಿಯುತ್ತದೆ. ಹಸಿವಿದೆ, ದವಡೆಯಲ್ಲಿ ಬಲವಿಲ್ಲ. ಲೋಂಗಾ ವಿಧಾನದಲ್ಲಿ ಎಕ್ಸ್‌ಟರ್ನಲ್ ಕರೋಟಿಡ್ (ಕತ್ತಿನಿಂದ ಮುಖದ ಕಡೆ ಹೋಗುವ ರಕ್ತನಾಳ) ಕಟ್ಟಿ ಕತ್ತರಿಸಿ ಅಲ್ಲಿಂದ ಫಿಲಮೆಂಟ್ ತೂರಿಸುತ್ತೇವಲ್ಲ, ಅಗಿಯುವ ಸ್ನಾಯುಗಳಿಗೂ ನಾಲಿಗೆಗೂ ರಕ್ತ ಹೋಗುವುದು ಅದರಿಂದಲೇ. ಡಿಟ್ಮಾರ್ ತಂಡ 2003ರಲ್ಲೇ ತೋರಿಸಿತ್ತು, ನಾನು ಓದಿರಲಿಲ್ಲ. 26 ಇಲಿ ಹೋದವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈಗ ಅದರ ಮೂಲನಾಳ ಕಾಮನ್ ಕರೋಟಿಡ್‌ನಿಂದ ತೂರಿಸಿ, ಆಮೇಲೆ ಅದನ್ನು ಹೊಲಿಯುತ್ತೇನೆ. ಒಂದೊಂದಕ್ಕೂ 40 ನಿಮಿಷ ಹೆಚ್ಚಿಗೆ ಹಿಡಿಯುತ್ತದೆ.

ಡ್ರಿಲ್ ಕೈ: ಅದಕ್ಕೇ ನಾನು ಕತ್ತಿನ ತಂಟೆಗೇ ಹೋಗುವುದಿಲ್ಲ. ಬುರುಡೆ ಕೊರೆದು ಮಿದುಳಿನ ಮಿಡಲ್ ಸೆರೆಬ್ರಲ್ ರಕ್ತನಾಳವನ್ನು ನೇರವಾಗಿ ಸುಟ್ಟು ಮುಚ್ಚುತ್ತೇನೆ. ಕಳೆದ ಸಲ 30ರಲ್ಲಿ ಸತ್ತದ್ದು ಎರಡೇ.

ಇರುಳು ಪಾಳಿ: ಕೊರೆಯುವ ಮುಂಚೆ ಟೆಂಪೊರಾಲಿಸ್ ಸೀಳುತ್ತೀರಲ್ಲ ಸರ್, ಅದೂ ಅಗಿಯುವ ಸ್ನಾಯುವೇ ಅಲ್ವಾ? ಡ್ರಿಲ್ಲಿನ ಬಿಸಿಗೆ ಕೆಳಗಿನ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಬೇಯುವುದು ಲೆಕ್ಕಕ್ಕಿಲ್ವಾ?

ಡ್ರಿಲ್ ಕೈ: ತಣ್ಣನೆಯ ಸಲೈನ್ ಹನಿಸುತ್ತಾ, ನಿಲ್ಲಿಸಿ ನಿಲ್ಲಿಸಿ ಕೊರೆಯುತ್ತೇನೆ ಮೇಡಂ. ಎರಡು ವರ್ಷ ಪಳಗಿಸಿದ ಕೈ ಇದು. ನೋಡದೆ ಸುಮ್ನೆ ಆರೋಪ ಹೊರಿಸಬೇಡಿ.

ಜ್ವರದ ಲೆಕ್ಕ: ನೀವಿಬ್ಬರೂ ದವಡೆಯಲ್ಲೇ ನಿಂತಿದ್ದೀರಿ. ನನ್ನನ್ನು ಮುಳುಗಿಸಿದ್ದು ಜ್ವರ. ಫಿಲಮೆಂಟ್ ಮೈಬಿಸಿ ನಿಯಂತ್ರಿಸುವ ಮಿದುಳಿನ ಭಾಗ ಹೈಪೋಥಾಲಮಸ್‌ನ ರಕ್ತವನ್ನೂ ತಡೆಯಬಹುದು, ತಡೆದ ಹೊತ್ತು ಹೆಚ್ಚಾದಷ್ಟೂ ಮೈ ಬಿಸಿಯೇರುವ ಅಪಾಯ ಹೆಚ್ಚು. ಆಪರೇಷನ್ ಮೇಜಿನ ಮೇಲೆ 37 ಡಿಗ್ರಿ ಹಿಡಿದಿಟ್ಟು, ಕೇಜಿಗೆ ಹಾಕಿದ ಮೇಲೆ ಅಳೆಯಲೇ ಇಲ್ಲ. ಆರು ಗಂಟೆ ಬಿಟ್ಟು ನೋಡಿದರೆ 39.6. ಮೈ ಬಿಸಿಯಾದರೆ ಮಿದುಳಿನ ಗಾಯವೂ ದೊಡ್ಡದಾಗುತ್ತದೆ. ನಾಲ್ಕು ತಿಂಗಳ ಮಿದುಳಿನ ಚಿತ್ರಗಳನ್ನು ಎಸೆಯಬೇಕಾಯಿತು. ಮೇಡಂ, ನಿಮ್ಮ ಶ್ಯಾಮ್ ಗುಂಪಿಗೂ (ಸ್ಟ್ರೋಕ್ ಒಂದನ್ನು ಬಿಟ್ಟು ಉಳಿದ ಆಪರೇಷನ್ ಮಾಡಿ ಹೋಲಿಕೆಗೆ ಇಡುವ ಇಲಿಗಳು) ಎಕ್ಸ್‌ಟರ್ನಲ್ ಕಟ್ಟಿದ್ರಾ?

ಇರುಳು ಪಾಳಿ: ಆಗ ಇಲ್ಲ. ಚರ್ಮ ಕುಯ್ದು ಹೊಲಿದದ್ದು ಅಷ್ಟೇ.

ಡ್ರಿಲ್ ಕೈ: ನೋಡಿ! ಹೋಲಿಕೆಗೆ ಇಟ್ಟ ಗುಂಪೇ ಸರಿ ಇಲ್ಲ, ನನ್ನ ಡ್ರಿಲ್ಲಿನ ಬಗ್ಗೆ ಪಾಠ.

ಜ್ವರದ ಲೆಕ್ಕ: ನಿಮ್ಮ ಶ್ಯಾಮ್‌ನ ಬುರುಡೆ ಕೊರೆದಿದ್ರಾ ಸರ್? ಕೊರೆದದ್ದೇ ಒಂದು ಗಾಯ. ಏನೂ ಮಾಡದ ಇಲಿಗಳನ್ನೂ ಜೊತೆಗೆ ಇಟ್ಟಿದ್ರಾ?

ಡ್ರಿಲ್ ಕೈ: ಅಷ್ಟೊಂದು ಇಲಿಗೆ ಅನುಮತಿ ಎಲ್ಲಿಂದ ತರಲಿ?

ಇರುಳು ಪಾಳಿ: ಅನುಮತಿ ಆಮೇಲೆ. ಮೆತ್ತನೆ ಆಹಾರ ಎಲ್ಲ ಗುಂಪಿಗೂ ಕೊಟ್ರಾ, ತೂಕ ಇಳಿದವಕ್ಕೆ ಮಾತ್ರವಾ? ಅದನ್ನು ಹೇಳಿ ಮೊದಲು.

ಡ್ರಿಲ್ ಕೈ: ಇಳಿದವಕ್ಕೆ ಮಾತ್ರ. ಹಸಿದು ಸಾಯಲು ಬಿಡಬೇಕಿತ್ತಾ?