ಒಂದು ಎಕರೆಯಲ್ಲಿ ಹೋಮ್‌ಸ್ಟೆಡಿಂಗ್: ಏನು ಬೆಳೆಯಬೇಕು, ಏನು ಕೊಳ್ಳಬೇಕು?

ಬಯಲುಹಾದಿ:
ಶಿರಾ ತಾಲ್ಲೂಕಿನಲ್ಲಿ ಒಂದು ಎಕರೆ ಕೆಂಪು ಮಣ್ಣಿನ ಜಮೀನು. ಪಹಣಿ, ಪೋಡಿ ಎಲ್ಲ ಸರಿ ಇದೆ. ಬೋರ್‌ನಲ್ಲಿ ಒಂದೂವರೆ ಇಂಚು ನೀರು, ಬೇಸಿಗೆಯಲ್ಲಿ ಅರ್ಧಕ್ಕೆ ಇಳಿಯುತ್ತೆ. ಸಾವಿರ ಚದರಡಿ ಆರ್‌ಸಿಸಿ ಮನೆ, ನಾಲ್ಕು ಜನ. ವಿಡಿಯೋಗಳಲ್ಲಿ ಕಾಣುವ ಹೋಮ್‌ಸ್ಟೆಡಿಂಗ್ (ಮನೆಗೆ ಬೇಕಾದ್ದನ್ನು ಆದಷ್ಟು ಸ್ವಂತ ಜಮೀನಿನಲ್ಲೇ ಬೆಳೆದು ಬದುಕೋದು) ಅಮೆರಿಕದ್ದು: ಎಕರೆಗಟ್ಟಲೆ ಹುಲ್ಲುಗಾವಲು, ಚೀಸು, ಜಾಡಿಗಳ ಸಾಲು. ನಮ್ಮ ಕಡೆ ಈ ಬದುಕು ಅಂದರೆ ದಿನನಿತ್ಯ ಏನು? ಊಟದಲ್ಲಿ ಎಷ್ಟು ಪಾಲು ನಾವೇ ಬೆಳೆಯಬಹುದು? ಮೊದಲು ಎರಡು ಹಸು ಕಟ್ಟಿ, ಗೋಬರ್ ಗ್ಯಾಸ್ ಹಾಕಿಸೋಣ ಅಂತಿದ್ದೇವೆ.

ಮಳೆಲೆಕ್ಕ:
ಹಸು ಕೊನೆಗೆ. ಮೊದಲು ನೀರು.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಚಾವಣಿ 93 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಹಿಡಿದು, ಐದನೇ ಒಂದು ಭಾಗ ನಷ್ಟ ಕಳೆದರೂ 44,000 ಲೀಟರ್ ಸಿಗುತ್ತೆ. ಕುಡಿಯೋಕೆ, ಅಡುಗೆಗೆ ದಿನಕ್ಕೆ 40 ಲೀಟರ್ ಅಂದರೆ ಮಳೆಯಿಲ್ಲದ ಐದು ತಿಂಗಳಿಗೆ 6,000 ಲೀಟರ್. 10,000 ಲೀಟರಿನ ಮುಚ್ಚಿದ ತೊಟ್ಟಿ ಧಾರಾಳ ಸಾಕು. ಮೊದಲ ಮಳೆಯ 2 ಮಿ.ಮೀ. ನೀರನ್ನು, ಅಂದರೆ ಸುಮಾರು 190 ಲೀಟರ್, ಹೊರಗೆ ಬಿಡಲೇಬೇಕು. ಚಾವಣಿಯ ದೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಇರುತ್ತೆ. ತೊಟ್ಟಿಗೆ ಬೆಳಕು ಬಿದ್ದರೆ ಪಾಚಿ ಗ್ಯಾರಂಟಿ.

ತೋಟಕ್ಕೆ ಕೃಷಿ ಹೊಂಡ. 10×10 ಮೀಟರ್, ಆಳ 3 ಮೀಟರ್ ಅಂದ ತಕ್ಷಣ ಮೂರು ಲಕ್ಷ ಲೀಟರ್ ಅಂತ ಎಲ್ಲರೂ ಗುಣಿಸಿಬಿಡ್ತಾರೆ. ದಡ 1:1 ಇಳಿಜಾರಿದ್ದರೆ ತಳದಲ್ಲಿ ಉಳಿಯೋದು 4×4 ಮೀಟರ್ ಮಾತ್ರ, ಹಿಡಿಯೋದು 1,56,000 ಲೀಟರ್. ಅದರಲ್ಲೂ ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ, ತುಂಬಿದ ಹೊಂಡದಿಂದ ದಿನಕ್ಕೆ 500 ಲೀಟರ್ ಆಕಾಶದ ಪಾಲು. ಮೇಲೆ ನೆರಳು ಪರದೆ ಹಾಕಿಸಿ. ಕೆಂಪು ಮಣ್ಣು ನೀರು ಇಂಗಿಸಿಬಿಡುತ್ತೆ, ಟಾರ್ಪಲ್ ಹಾಸದಿದ್ದರೆ ದೀಪಾವಳಿ ಹೊತ್ತಿಗೆ ಹೊಂಡ ಖಾಲಿ. ಟಾರ್ಪಲ್ ಮೇಲೆ ಕಾಲು ನಿಲ್ಲಲ್ಲ, ಬಿದ್ದವರು ಹತ್ತಿ ಬರೋಕೆ ಆಗಲ್ಲ. ಸುತ್ತ ಬೇಲಿ, ಒಳಕ್ಕೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರಲಿ. ಇದರಲ್ಲಿ ರಾಜಿ ಬೇಡ.

ಇಷ್ಟು ನೀರಿಗೆ ಬೇಸಿಗೆಯಲ್ಲಿ ಎರಡು ಗುಂಟೆ ತರಕಾರಿ ದಾಟುತ್ತೆ, ಅದೂ ಡ್ರಿಪ್ ಹಾಕಿ, ಬುಡಕ್ಕೆ ನಾಲ್ಕು ಬೆರಳು ದಪ್ಪ ಸೊಪ್ಪುಸದೆ ಮುಚ್ಚಿದರೆ.

ಅಕ್ಕಡಿಸಾಲು:
ಊಟದ ಲೆಕ್ಕಕ್ಕೆ ಬರೋಣ. ರಾಗಿ 12 ಗುಂಟೆ. ಮಳೆ ಹದವಾಗಿ ಬಂದರೆ ಮೂರು ಕ್ವಿಂಟಲ್. ನಾಲ್ಕು ಜನ ದಿನಕ್ಕೊಂದು ಹೊತ್ತು ಮುದ್ದೆ ಉಂಡರೆ ಅರ್ಧ ಕೆಜಿ ಹಿಟ್ಟು, ವರ್ಷಕ್ಕೆ ಎರಡು ಕ್ವಿಂಟಲ್ ಒಳಗೇ ಮುಗಿಯುತ್ತೆ. ಜುಲೈ ಒಳಗೆ ಬಿತ್ತಿದರೆ ಜಿಪಿಯು-28, ಮಳೆ ತಡವಾದರೆ ಜಿಪಿಯು-48ರಂಥ ಅಲ್ಪಾವಧಿ ತಳಿ. ತಡವಾಗಿ ಬಿತ್ತಿ ದೀರ್ಘಾವಧಿ ತಳಿ ಹಾಕಿದರೆ ತೆನೆ ಕಟ್ಟುವ ಹೊತ್ತಿಗೆ ಮಳೆ ನಿಂತಿರುತ್ತೆ, ಜೊಳ್ಳೇ ಜಾಸ್ತಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಕ್ಕಡಿ ಇಡಿ, ಬದಿಗೆ ಅವರೆ, ಹುಚ್ಚೆಳ್ಳು. ರಾಗಿ ಕೈಕೊಟ್ಟ ವರ್ಷವೂ ಬೇರು ಆಳಕ್ಕಿಳಿಯುವ ತೊಗರಿ ಸ್ವಲ್ಪ ಕೈಗೆ ಬರುತ್ತೆ.

ಶೇಂಗಾ 10 ಗುಂಟೆ. ಮಳೆಯಾಶ್ರಯದಲ್ಲಿ 100ರಿಂದ 150 ಕೆಜಿ ಕಾಯಿ, ಗಾಣಕ್ಕೆ ಹಾಕಿಸಿದರೆ 25–35 ಕೆಜಿ ಎಣ್ಣೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಸುಮ್ಮನೆ ಬಂದಿದ್ದಲ್ಲ, ಈ ನೆಲಕ್ಕೆ ಶೇಂಗಾ ಒಗ್ಗಿದೆ. ಆದರೆ ಕಿತ್ತ ಕಾಯಿಯನ್ನು ಅಲ್ಲಾಡಿಸಿದರೆ ಬೀಜ ಗಲಗಲ ಅನ್ನೋವರೆಗೆ ಒಣಗಿಸಿ. ತೇವ ಉಳಿದರೆ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ಇಳಿಯುತ್ತೆ.

ಭತ್ತ, ಕಬ್ಬು ಈ ನೀರಿನಲ್ಲಿ ಯೋಚನೆಯನ್ನೂ ಮಾಡಬೇಡಿ. ಅಕ್ಕಿ, ಬೆಲ್ಲ, ಉಪ್ಪು ಅಂಗಡಿಯಿಂದಲೇ. ಎಲ್ಲವನ್ನೂ ನಾವೇ ಬೆಳೀತೀವಿ ಅನ್ನೋ ಹಟಕ್ಕೆ ಬಿದ್ದವರು ಬೋರ್‌ಗೆ ಸುರಿದ ದುಡ್ಡಲ್ಲಿ ಜೀವಮಾನದ ಅಕ್ಕಿ ಬರುತ್ತಿತ್ತು.

ದಾಸ್ತಾನು: ಒಣಗಿದ ರಾಗಿಗೆ ಹುಳದ ಕಾಟ ಇಲ್ಲ, ವರ್ಷಗಟ್ಟಲೆ ಇರುತ್ತೆ. ಅವರೆ, ತೊಗರಿಗೆ ಹೊಲದಿಂದಲೇ ಹುಳದ ಮೊಟ್ಟೆ ಬಂದಿರುತ್ತೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಕೆಮ್ಮಣ್ಣು ಕಟ್ಟಿ ಅಥವಾ ಬೂದಿ ಬೆರೆಸಿ ಬಾಯಿ ಬಿಗಿಯಾದ ಡ್ರಮ್ಮಿಗೆ ತುಂಬಿ.

ಬಯಲುಹಾದಿ:
ಹಾಗಾದರೆ ಹಸು ಬೇಡವೇ ಬೇಡ ಅಂತೀರಾ? ಗೊಬ್ಬರಕ್ಕೆ, ಗ್ಯಾಸಿಗೆ?

ಕೊಟ್ಟಿಗೆಪಾಠ:
ಬೇಡ ಅಂತಲ್ಲ, ಮೇವಿನ ಲೆಕ್ಕ ಹಾಕಿ ತನ್ನಿ. ಒಂದು ಹಸುವಿಗೆ ದಿನಕ್ಕೆ 5 ಕೆಜಿ ಒಣಮೇವು ಅಂದರೆ ವರ್ಷಕ್ಕೆ 18 ಕ್ವಿಂಟಲ್. ನಿಮ್ಮ 12 ಗುಂಟೆ ರಾಗಿಯಿಂದ ಐದಾರು ಕ್ವಿಂಟಲ್ ಹುಲ್ಲು ಬಂದರೆ ಹೆಚ್ಚು. ಉಳಿದದ್ದನ್ನು ಒಕ್ಕಣೆ ಮುಗಿಯುತ್ತಲೇ ಜನವರಿಯಲ್ಲಿ ಕೊಂಡು ಬಣವೆ ಹಾಕಬೇಕು, ಏಪ್ರಿಲ್‌ನಲ್ಲಿ ಹುಡುಕಿಕೊಂಡು ಹೋದರೆ ಹೇಳಿದ್ದೇ ರೇಟು. ಹಸಿಮೇವಿಗೆ ಐದು ಗುಂಟೆ ನೇಪಿಯರ್ ಹುಲ್ಲು ಹಾಕಿದರೆ ಬೇಸಿಗೆಯಲ್ಲಿ ದಿನಕ್ಕೆ 2,500 ಲೀಟರ್ ಕುಡಿಯುತ್ತೆ. ಒಂದೂವರೆ ಇಂಚು ಅಂದರೆ ಗಂಟೆಗೆ 1,400 ಲೀಟರ್ ಆಸುಪಾಸು, ಅದು ಅರ್ಧಕ್ಕಿಳಿದಾಗ ಮೇವಿಗೇ ದಿನಕ್ಕೆ ಮೂರೂವರೆ ಗಂಟೆ ಮೋಟಾರು. ಬೇಲಿಗೆ ಮೇವಿನ ಸೊಪ್ಪು ಕೊಡುವ ಚೊಗಚೆ, ಗ್ಲಿರಿಸಿಡಿಯಾ ನೆಟ್ಟರೆ ಭಾರ ಸ್ವಲ್ಪ ಇಳಿಯುತ್ತೆ. ಹೂ ಬರುವ ಮೊದಲಿನ ಎಳೆ ಜೋಳ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದು, ಹಾಕಬೇಡಿ. ಸಯನೈಡ್ ವಿಷವೇರಿ ಹಸು ನಿಂತಲ್ಲೇ ಬೀಳುತ್ತೆ.

ಗೋಬರ್ ಗ್ಯಾಸ್: ನಾಲ್ಕು ಜನರ ಅಡುಗೆಗೆ 2 ಘನ ಮೀಟರಿನ ದೀನಬಂಧು ಮಾದರಿಯ ಗ್ಯಾಸ್ ಘಟಕ. ಅದಕ್ಕೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು. ಅಂದರೆ ಮೂರ್ನಾಲ್ಕು ದನ. ನಿಮ್ಮ ಎರಡು ಹಸುವಿಗೆ 1 ಘನ ಮೀಟರಿನದ್ದೇ ಸರಿ, ಜೊತೆಗೆ ಒಂದು ಸಿಲಿಂಡರ್ ಇರಲಿ. ದೊಡ್ಡದು ಕಟ್ಟಿಸಿ ಕಡಿಮೆ ಸಗಣಿ ಹಾಕಿದರೆ ಒಲೆ ಪುಸ್ ಅಂದು ಆರುತ್ತೆ, ಆಮೇಲೆ ಮೇಸ್ತ್ರಿಯನ್ನು ಬೈಯೋದು. ಮೊದಲು ಬರುವ ಗ್ಯಾಸ್‌ನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಉರಿಯಲ್ಲ, ಹೊರಗೆ ಬಿಟ್ಟುಬಿಡಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳೇ ಸಾಯುತ್ತವೆ.

ಹಾಲು ಕರೆಯೋದು ಬೆಳಿಗ್ಗೆ-ಸಂಜೆ, ವರ್ಷಪೂರ್ತಿ. ಮದುವೆ, ಜಾತ್ರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವ ಹಾಗಿಲ್ಲ. ಪಕ್ಕದ ಮನೆಯವರ ಜೊತೆ ಮುಯ್ಯಿ ಇಟ್ಟುಕೊಳ್ಳದೆ ಈ ಬದುಕು ನಡೆಯಲ್ಲ. ಸ್ವಾವಲಂಬನೆ ಅಂದುಕೊಂಡು ಬಂದವರಿಗೆ ಮೊದಲು ಗೊತ್ತಾಗೋದೇ ಇದು. ಕರು ಹಾಕುವ ಎರಡು ತಿಂಗಳ ಮುಂಚೆ ಕರೆಯೋದು ನಿಲ್ಲಿಸಬೇಕು, ಹಾಗಾಗಿ ಎರಡೂ ಒಟ್ಟಿಗೆ ಗಬ್ಬವಾಗದಂತೆ ಆರು ತಿಂಗಳ ಅಂತರ ಇರಲಿ.

ಮೊದಲ ವರ್ಷ ಕೋಳಿಯಿಂದ ಶುರು ಮಾಡಿ. ಗಿರಿರಾಜ ಅಥವಾ ಸ್ವರ್ಣಧಾರ ತಳಿಯ ಹತ್ತು ಕೋಳಿ ಸಾಕು. ಕೊಕ್ಕರೆ ರೋಗ (ರಾಣಿಖೇತ್) ಬರದಂತೆ ಮರಿಗೆ 5–7ನೇ ದಿನ ಲಸೋಟಾ ಲಸಿಕೆಯ ಹನಿ, ಎಂಟನೇ ವಾರ ಆರ್2ಬಿ ಲಸಿಕೆಯ ಚುಚ್ಚುಮದ್ದು. ತಪ್ಪಿಸಿದರೆ ಕೊಕ್ಕರೆ ರೋಗ ಇಡೀ ಗೂಡನ್ನೇ ಒಯ್ಯುತ್ತೆ. ಲಸಿಕೆಯನ್ನು ಐಸ್‌ನಲ್ಲಿ ತಂದು, ಕಲಸಿದ ಎರಡು ಗಂಟೆಯೊಳಗೆ ಮುಗಿಸಿ. ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ತೆಳ್ಳನೆ ಕೋಳಿ ಜಾಲರಿಯನ್ನು ನಾಯಿ ಹರಿದುಹಾಕುತ್ತೆ.

ಮಳೆಲೆಕ್ಕ:
ಹೊಂಡ ತೋಡಿಸೋದಾದರೆ ಏಪ್ರಿಲ್‌ನಲ್ಲೇ ಜೆಸಿಬಿಗೆ ಹೇಳಿಬಿಡಿ. ಮೇಲಿನ ಅರ್ಧ ಅಡಿ ಮಣ್ಣು ಬೇರೆ ರಾಶಿ ಹಾಕಿಸಿ, ಅದು ತರಕಾರಿ ಮಡಿಗೆ. ಕೆಳಗಿನ ಗರಸು ಬದುವಿಗೆ.